ಸುಂಕದವನ ಮುಂದೆ ಕುಳಿತವರು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಗಾಡಿ ತಡೆದು, ಮೂಟೆ ಬಿಚ್ಚಿಸಿ, ಕಾಸು ಎಣಿಸಿಕೊಳ್ಳುವವನಿಗೆ ಎದುರಿಗೆ ನಿಂತವನ ಮುಖ ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು? ಅವನಿಗೆ ಮೂಟೆ ಕಂಡರೆ ಸಾಕು. ಈ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಪ್ಯಾರಿಸ್ಸಿನ ಆನ್ರಿ ರೂಸೋನನ್ನು ಕಂಡವರಲ್ಲ. ಆತ 22 ವರ್ಷ ಆ ಮಹಾನಗರದ ಬಾಗಿಲುಗಳಲ್ಲಿ ಸುಂಕ ವಸೂಲಿಯ ಗುಮಾಸ್ತನಾಗಿದ್ದವನು. 1893ರಲ್ಲಿ, ತನ್ನ 49ನೆಯ ವಯಸ್ಸಿನಲ್ಲಿ, ಆ ಕೆಲಸವನ್ನು ಬಿಟ್ಟು ಜನರ ಮುಖ ಬರೆದು ಬದುಕುತ್ತೇನೆಂದು ಹೊರಟವನು. ಮುಖಗಳ ಜೊತೆಗೆ ಬೆಕ್ಕು, ನಾಯಿ, ಕುದುರೆ. ಕೊನೆಗೆ ಹುಲಿ, ಸಿಂಹ.

ರೂಸೋ ಎಂದೊಡನೆ ನಮ್ಮ ವಾಚಕರಿಗೆ ನೆನಪಾಗುವವನು ಹದಿನೆಂಟನೆಯ ಶತಮಾನದ ತತ್ತ್ವಜ್ಞಾನಿ. ಈತ ಅವನಲ್ಲ. ಈತ 1844ರಲ್ಲಿ ಲಾವಾಲ್ ಎಂಬ ಊರಿನಲ್ಲಿ ತಗಡಿನ ಕೆಲಸದವನ ಮಗನಾಗಿ ಹುಟ್ಟಿದ. ತಂದೆ ಸಾಲದಲ್ಲಿ ಮನೆ ಕಳೆದುಕೊಂಡ. ಮಗ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಸಣ್ಣ ಕಳ್ಳತನ ಮಾಡಿ ಸಿಕ್ಕಿಬಿದ್ದು, ಅದರಿಂದ ತಪ್ಪಿಸಿಕೊಳ್ಳಲು ಸೈನ್ಯಕ್ಕೆ ಸೇರಿದ. 1868ರಲ್ಲಿ ಪ್ಯಾರಿಸ್ಸಿಗೆ ಬಂದ. 1871ರಲ್ಲಿ ನಗರದ ಸುಂಕದ ಇಲಾಖೆಯನ್ನು ಹಿಡಿದ. ಮದುವೆಯಾಯಿತು, ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಎಳೆಯರಾಗಿಯೇ ತೀರಿದರು, 1888ರಲ್ಲಿ ಹೆಂಡತಿಯೂ ತೀರಿದಳು. ಗೆಳೆಯರು ಆತನಿಗೆ ‘ದುವಾನಿಯೇ’ ಎಂದು ಅಡ್ಡಹೆಸರಿಟ್ಟರು. ಎಂದರೆ ದೇಶದ ಗಡಿಯಲ್ಲಿ ಕೂರುವ ಕಸ್ಟಮ್ಸ್ ಅಧಿಕಾರಿ. ಆತನಿಗೆ ಆ ಅಂತಸ್ತೂ ಇರಲಿಲ್ಲ. ಊರೊಳಕ್ಕೆ ಬರುವ ಮದ್ಯ, ಮೇವು, ಸೌದೆಗಳ ಮೇಲೆ ಪುರಸಭೆ ಎತ್ತುತ್ತಿದ್ದ ಆಕ್ಟ್ರಾಯ್ ತೆರಿಗೆ ಎಂಬುದೊಂದಿತ್ತಲ್ಲ, ಉತ್ತರ ಕರ್ನಾಟಕದ ಹಿರಿಯರು ಜಕಾತಿ ಎನ್ನುತ್ತಿದ್ದುದು, ಅದರ ನಾಕೆಯಲ್ಲಿ ಕೂರುವ ಕೆಳದರ್ಜೆಯ ನೌಕರ ಆತ.

ನಮ್ಮ ನಗರಗಳಲ್ಲಿ ಕಚೇರಿಗೆ ಹೋಗಿಬರುವ ಎಷ್ಟೋ ಜನರ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಬಣ್ಣದ ಪೆಟ್ಟಿಗೆಯೋ ಅರ್ಧ ಬರೆದ ಕಾದಂಬರಿಯೋ ಇರುತ್ತದೆ. ಮಗಳ ಮದುವೆಯಾಗಲಿ, ಮನೆಯ ಸಾಲ ತೀರಲಿ, ಪೆನ್ಷನ್ ಆಗಲಿ ಎಂದು ಕಾಯುತ್ತಾರೆ. ಪೆನ್ಷನ್ ಆಗುತ್ತದೆ, ಬಣ್ಣ ಅಷ್ಟರಲ್ಲಿ ಒಣಗಿ ಕಲ್ಲಾಗಿರುತ್ತದೆ. ಇಂಥವರಿಗೆ ರೂಸೋನ ಕಥೆಯನ್ನು ಸಮಾಧಾನದ ಔಷಧಿಯಂತೆ ಹೇಳುವ ರೂಢಿ ಉಂಟು. ನೋಡಿ, ಆತನೂ ಭಾನುವಾರದ ಚಿತ್ರಗಾರನಾಗಿದ್ದ, ಕೊನೆಗೆ ಜಗತ್ಪ್ರಸಿದ್ಧನಾದ, ಎಂದು. ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೇ ಬಿಟ್ಟುಹೋಗಿದೆ. ರೂಸೋ ಭಾನುವಾರದ ಚಿತ್ರಗಾರನಾಗಿ ಉಳಿಯಲು ಒಪ್ಪಲಿಲ್ಲ. 40ನೆಯ ವಯಸ್ಸಿನಲ್ಲಿ ಲೂವ್ರ್ ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳ ನಕಲು ಮಾಡಲು ಪರವಾನಗಿ ಪಡೆದ. 1886ರಿಂದ ‘ಸ್ವತಂತ್ರರ’ ವಾರ್ಷಿಕ ಪ್ರದರ್ಶನದಲ್ಲಿ ಚಿತ್ರಗಳನ್ನಿಟ್ಟ; ಅಲ್ಲಿ ಆಯ್ಕೆ ಸಮಿತಿಯ ಕಾಟವಿರಲಿಲ್ಲ. ಪೂರ್ಣ ಪೆನ್ಷನ್ನಿಗೆ ಕಾಯದೆ, ವರ್ಷಕ್ಕೆ ಸಾವಿರ ಫ್ರಾಂಕಿನ ಆಸುಪಾಸು ಸಿಗುತ್ತಿದ್ದ ಸಣ್ಣ ವೇತನವನ್ನು ನೆಚ್ಚಿ ನೌಕರಿ ಬಿಟ್ಟ. ಸಾಲದ್ದಕ್ಕೆ ಪಿಟೀಲು ಹೇಳಿಕೊಟ್ಟ, ಡ್ರಾಯಿಂಗ್ ಹೇಳಿಕೊಟ್ಟ, ನೆರೆಹೊರೆಯವರ ಭಾವಚಿತ್ರ ಬರೆದುಕೊಟ್ಟ. ಆತನಿಗೆ ಬೇಕಾಗಿದ್ದುದು ಕಸಬು.

1890ರಲ್ಲಿ, ಇನ್ನೂ ಸುಂಕದ ಕಟ್ಟೆಯಲ್ಲಿರುವಾಗಲೇ, ಆತ ತನ್ನದೇ ಒಂದು ದೊಡ್ಡ ಚಿತ್ರ ಬರೆದ. ಅದೀಗ ಪ್ರಾಗ್ ನಗರದಲ್ಲಿದೆ. ಕರಿಯ ಉಡುಪು, ಟೋಪಿ, ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಬಣ್ಣದ ಹಲಗೆ. ಹಿಂದೆ ನದಿ, ಬಾವುಟಗಳಿಂದ ಸಿಂಗರಿಸಿದ ಹಡಗು, ಆಗತಾನೆ ಎದ್ದಿದ್ದ ಐಫೆಲ್ ಗೋಪುರ. ದಡದಲ್ಲಿ ಓಡಾಡುವವರು ಆತನ ಮೊಣಕಾಲಿನಷ್ಟೂ ಇಲ್ಲ. ಇಲಾಖೆಯ ಸಮವಸ್ತ್ರದ ಸುಳಿವೇ ಇಲ್ಲ. ಕಚೇರಿಯ ರಜಿಸ್ಟರಿನಲ್ಲಿ ಗುಮಾಸ್ತನೆಂದು ಇನ್ನೂ ಮೂರು ವರ್ಷ ರುಜು ಹಾಕಬೇಕಾಗಿದ್ದವನು ಚಿತ್ರಪಟದ ಮೇಲೆ ಆಗಲೇ ರಾಜೀನಾಮೆ ಕೊಟ್ಟಾಗಿತ್ತು. ಜಂಬ ಎನ್ನುವವರು ಎನ್ನಲಿ. ನಡುವಯಸ್ಸಿನಲ್ಲಿ ದಾರಿ ಬದಲಿಸುವವನಿಗೆ ಅಷ್ಟು ಜಂಬವೂ ಇಲ್ಲದಿದ್ದರೆ ಹೆಜ್ಜೆ ಏಳುವುದಿಲ್ಲ.

ತಡವಾಗಿ ಕುಂಚ ಹಿಡಿದವರೆಂದರೆ ನಮಗೆ ರವೀಂದ್ರನಾಥ ಠಾಕೂರರ ನೆನಪಾಗುವುದು ಸಹಜ. ಅರವತ್ತು ದಾಟಿದ ಮೇಲೆ ಅವರು ಚಿತ್ರಕಲೆಗೆ ಮನಸೋತರು. 1930ರಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನವಾದದ್ದೂ ಪ್ಯಾರಿಸ್ಸಿನಲ್ಲೇ. ವಿಚಿತ್ರ ಮೃಗಗಳೂ ಮರೆಯಲಾಗದ ಮುಖಗಳೂ ಅಲ್ಲಿ ಉಂಟು. ಆದರೆ ಆ ಮುಖಗಳಲ್ಲಿ ಬಹುಪಾಲು ಗುರುತಿಟ್ಟು ಹೇಳಬಹುದಾದ ಯಾರವೂ ಅಲ್ಲ; ಒಳಗಿನಿಂದ ತೇಲಿಬಂದವು. ಮನೆಬಾಗಿಲಿಗೆ ಬಂದು “ಇದು ನನ್ನ ಮೂಗಲ್ಲ” ಎಂದು ಜಗಳ ತೆಗೆಯುವ ಗಿರಾಕಿ ಕವಿಗಳಿಗೆ ಇರಲಿಲ್ಲ. ರೂಸೋನಿಗೆ ಇದ್ದ. ಕೂಲಿಗೆ ಭಾವಚಿತ್ರ ಬರೆಯುವವನ ಪಾಡೇ ಬೇರೆ. ಹಣ ಕೊಡುವವನಿಗೆ ತಾನು ಕಾಣುವಂತೆ ಕಾಣುವುದೂ ಬೇಕು, ತಾನು ಕಾಣಬೇಕೆಂದಿರುವಂತೆ ಕಾಣುವುದೂ ಬೇಕು. ಆಗಲೇ ಫೋಟೋ ಸ್ಟುಡಿಯೋಗಳು ಬೀದಿಬೀದಿಯಲ್ಲಿ ತೆರೆದಿದ್ದ ಕಾಲವದು. ಸೋವಿಯಾಗಿ, ಅರೆಗಳಿಗೆಯಲ್ಲಿ, ತಪ್ಪಿಲ್ಲದೆ ಮುಖ ಸಿಗುತ್ತಿದ್ದಾಗ ಬಡ ಬಡಾವಣೆಯ ತರಕಾರಿ ವ್ಯಾಪಾರಿ ಒಬ್ಬ ಮುದುಕನ ಮುಂದೆ ಗಂಟೆಗಟ್ಟಲೆ ಏಕೆ ಕೂರಬೇಕು? ಫೋಟೋ ಕೊಡದ ಏನನ್ನೋ ಈತ ಕೊಡುತ್ತಿದ್ದಿರಬೇಕು. ಅದೇನೆಂಬುದನ್ನು ಹುಡುಕುವುದು ವಿಮರ್ಶೆಯ ಕೆಲಸ. ಆದರೆ ರೂಸೋನ ಬಗೆಗೆ ಬರೆದವರಲ್ಲಿ ಅನೇಕರು ಈ ಕೆಲಸವನ್ನು ‘ಮುಗ್ಧತೆ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ.

ಮುಗ್ಧ, ಬಾಲಸದೃಶ, ನಿಷ್ಕಪಟ. ಕೇಳಲು ಹೊಗಳಿಕೆಯಂತಿರುವ ಈ ಮಾತುಗಳ ಮೇಲೆ ನನಗೆ ಬಹಳ ಗುಮಾನಿ. ಮುಗ್ಧನೆಂದಮೇಲೆ ಅವನ ಕೆಲಸದಲ್ಲಿ ಯೋಚನೆಯಿಲ್ಲ. ಯೋಚನೆಯಿಲ್ಲವೆಂದಮೇಲೆ ಪಟ ಚೆನ್ನಾಗಿದ್ದರೆ ಅದು ಅದೃಷ್ಟ, ಕೆಟ್ಟರೆ ಅದು ಅವನ ಸ್ವಭಾವ. ಕೂಲಿಯಂತೂ ಕೊಡಬೇಕಾದ್ದೇ ಇಲ್ಲ. ಬೆನ್ನು ತಟ್ಟಿದರೆ ಸಾಕು. 1908ರಲ್ಲಿ ಪಿಕಾಸೋ ಮೊಂಮಾರ್ತ್ರ್‌ನ ತನ್ನ ಕೋಣೆಯಲ್ಲಿ ರೂಸೋನಿಗೆ ಒಂದು ಔತಣ ಕೊಟ್ಟ. ಕವಿಗಳು, ಚಿತ್ರಗಾರರು ನೆರೆದು ಹಾಡಿ ಕುಣಿದರು. ಅದರಲ್ಲಿ ಗೌರವವೆಷ್ಟು, ಗೇಲಿಯೆಷ್ಟು ಎಂದು ಬಂದಿದ್ದವರೇ ಮುಂದೆ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ.

ಮುಗ್ಧತೆಯ ಈ ಪಟ್ಟ ಆತನ ಉಪಯೋಗಕ್ಕೆ ಬಂದದ್ದೂ ಒಮ್ಮೆ ಉಂಟು. 1907ರಲ್ಲಿ ಪರಿಚಯದವನೊಬ್ಬನ ಮಾತಿಗೆ ಸಿಕ್ಕಿ ಬ್ಯಾಂಕಿನ ಮೋಸದ ವ್ಯವಹಾರವೊಂದರಲ್ಲಿ ಪಾಲುಗೊಂಡು ರೂಸೋ ಸೆರೆಮನೆ ಕಂಡ. 1909ರಲ್ಲಿ ವಿಚಾರಣೆ ನಡೆದಾಗ ಆತನ ವಕೀಲ ಆತನದೊಂದು ಚಿತ್ರವನ್ನು ನ್ಯಾಯಾಲಯದಲ್ಲಿ ಎತ್ತಿ ತೋರಿಸಿದ: ಇಂಥದ್ದನ್ನು ಬರೆಯುವವನಿಗೆ ಮೋಸ ಮಾಡುವಷ್ಟು ಬುದ್ಧಿ ಉಂಟೇ? ಶಿಕ್ಷೆಯಾಯಿತು, ಆದರೆ ಅಮಾನತ್ತಿನಲ್ಲಿಟ್ಟರು. ನೂರು ಫ್ರಾಂಕು ದಂಡವಾಯಿತು. ಹದಿನಾರು ವರ್ಷ ಅದನ್ನೇ ಕಸಬೆಂದು ನಂಬಿ ದುಡಿದವನ ಚಿತ್ರ ಅವನ ದಡ್ಡತನಕ್ಕೆ ಸಾಕ್ಷಿಯಾಗಿ ನಿಂತಿತು. ಸೆರೆಮನೆಗಿಂತ ಇದು ಕಡಿಮೆಯ ಶಿಕ್ಷೆಯೇನಲ್ಲ. ಆತ ಸತ್ತಮೇಲೆ ಗೋರಿಯ ಕಲ್ಲಿಗಾಗಿ ಕವಿ ಅಪೊಲಿನೇರ್ ಪ್ರೀತಿಯಿಂದ ಬರೆದ ಸಾಲುಗಳಲ್ಲೂ ಸುಂಕದ ಮಾತೇ ಬರುತ್ತದೆ. ಗೆಳೆಯರೂ ಆತನನ್ನು ಆ ಕಟ್ಟೆಯಿಂದ ಇಳಿಯಗೊಡಲಿಲ್ಲ.

ಈಗ ಆತ ಕೆಲಸ ಮಾಡುತ್ತಿದ್ದ ರೀತಿಯನ್ನು ನೋಡೋಣ. ಅಪೊಲಿನೇರನೇ ಆತನ ಮುಂದೆ ಕುಳಿತಿದ್ದವನು, ಅನುಭವವನ್ನು ಬರೆದಿಟ್ಟಿದ್ದಾನೆ. ರೂಸೋ ಮೊದಲು ದರ್ಜಿಯಂತೆ ಕವಿಯನ್ನು ಅಳೆದನಂತೆ: ಮೂಗು, ಬಾಯಿ, ಕಿವಿ, ಹಣೆ, ಕೈ, ಕೊನೆಗೆ ಇಡೀ ಮೈ. ಆ ಅಳತೆಗಳನ್ನು ಪಟದ ಗಾತ್ರಕ್ಕೆ ತಕ್ಕಂತೆ ಇಳಿಸಿ ಗುರುತು ಹಾಕಿಕೊಂಡನಂತೆ. ಕುಳಿತವನಿಗೆ ಬೇಸರವಾಗದಿರಲೆಂದು ತನ್ನ ಯೌವನದ ಕಾಲದ ಹಾಡುಗಳನ್ನು ಹೇಳುತ್ತಿದ್ದನಂತೆ. ಇದನ್ನು ಓದಿ ನಗದವರಿಲ್ಲ. ನನಗಂತೂ ಇದರಲ್ಲಿ ನಗುವಂಥದೇನೂ ಕಾಣುವುದಿಲ್ಲ. ನಮ್ಮ ಶಿಲ್ಪಿಗಳು ತಾಲಮಾನವಿಲ್ಲದೆ ಉಳಿ ಮುಟ್ಟುತ್ತಿದ್ದರೇ? ಯಶೋಧರನು ಕಾಮಸೂತ್ರಕ್ಕೆ ಬರೆದ ಜಯಮಂಗಲಾ ವ್ಯಾಖ್ಯೆಯಲ್ಲಿ ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದ್ದಾನೆ. ಅದರಲ್ಲಿ ಪ್ರಮಾಣ ಒಂದು, ಸಾದೃಶ್ಯ ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಹೇಳಿದ್ದಾನೆಂಬುದು ಗಮನಿಸಬೇಕಾದ ಮಾತು. ಅಳತೆ ಸರಿಯಾದರೆ ಹೋಲಿಕೆ ತಾನಾಗಿ ಬರುವಂತಿದ್ದರೆ ಎರಡು ಹೆಸರು ಏಕೆ? ಸುಂಕದ ಕಟ್ಟೆಯವನಿಗೆ ಅಳತೆಯಲ್ಲಿ ನಂಬಿಕೆ ಹೆಚ್ಚು. ಸಾದೃಶ್ಯವೂ ಅದರಲ್ಲೇ ಸಿಕ್ಕೀತೆಂದು ಆತ ನಂಬಿದ. ಸಿಗಲಿಲ್ಲ. ಅಳತೆಪಟ್ಟಿ ಮುಗಿದ ಕಡೆ ಆತನ ಕೈ ಬೇರೊಂದನ್ನು ಹುಡುಕಿಕೊಂಡು ಹೋಯಿತು.

ಆ ಚಿತ್ರದ ಹೆಸರು ‘ಕವಿಗೆ ಸ್ಫೂರ್ತಿಯೀಯುತ್ತಿರುವ ದೇವತೆ’, ಕಾಲ 1909. ಅಪೊಲಿನೇರನ ಪಕ್ಕದಲ್ಲಿ ಆತನ ಗೆಳತಿ, ಚಿತ್ರಗಾರ್ತಿ ಮಾರೀ ಲೊರಾನ್ಸಾಂ. ಇಬ್ಬರ ಮುಂದೆ ಹೂಗಿಡಗಳ ಒಂದು ಸಾಲು. ಕವಿಯ ಹೆಸರು ಸೇರಿಕೊಂಡಿರುವ ಒಂದು ಜಾತಿಯ ಕಾರ್ನೇಶನ್ ಫ್ರಾನ್ಸಿನಲ್ಲಿದೆ; ಅದನ್ನೇ ಬರೆಯಬೇಕೆಂದು ರೂಸೋನ ಉದ್ದೇಶ. ಬರೆದದ್ದು ಬೇರೆ ಹೂವಾಯಿತು. ಗೊತ್ತಾದೊಡನೆ ಆತ ಹೂವಿನ ಮೇಲೆ ಹೂ ತೇಪೆ ಹಾಕಲಿಲ್ಲ. ಚಿತ್ರವನ್ನೇ ಎರಡನೆಯ ಬಾರಿ ಬರೆದ, ಸರಿಯಾದ ಹೂವಿಟ್ಟು. ಮೊದಲನೆಯದು ಈಗ ಮಾಸ್ಕೋದಲ್ಲಿ, ಎರಡನೆಯದು ಬಾಸೆಲ್ ನಗರದಲ್ಲಿ ಇವೆ. ಒಂದು ಹೂವಿನ ತಪ್ಪಿಗೆ ಆಳೆತ್ತರದ ಇಬ್ಬರನ್ನು ಮತ್ತೆ ಬರೆಯುವವನನ್ನು ಮುಗ್ಧನೆನ್ನುವುದಾದರೆ, ಅಂಥ ಮುಗ್ಧರು ನಮ್ಮ ಕಚೇರಿಗಳಲ್ಲಿ, ಕಾರ್ಯಾಗಾರಗಳಲ್ಲಿ, ಪತ್ರಿಕಾಲಯಗಳಲ್ಲೂ ಇನ್ನಷ್ಟು ಇರಬೇಕಾಗಿತ್ತು.

ಹೀಗೆಂದ ಮಾತ್ರಕ್ಕೆ ಆತನ ಭಾವಚಿತ್ರಗಳೆಲ್ಲ ಗೆದ್ದಿವೆಯೆಂದು ನಾನು ವಾದಿಸುವುದಿಲ್ಲ. ಮಕ್ಕಳ ಚಿತ್ರಗಳನ್ನು ನೋಡಿ. ಪ್ಯಾರಿಸ್ಸಿನ ಒರಾಂಜರಿ ಸಂಗ್ರಹಾಲಯದಲ್ಲಿರುವ ‘ಬೊಂಬೆ ಹಿಡಿದ ಮಗು’ವಿಗೆ ಕೆಂಪು ಅಂಗಿ, ಅದರ ಮೇಲೆ ಚುಕ್ಕಿ, ಒಂದು ಕೈಯಲ್ಲಿ ಬೊಂಬೆ, ಇನ್ನೊಂದರಲ್ಲಿ ಹೂ. ಮಗು ಕುಳಿತಿದೆಯೋ ನಿಂತಿದೆಯೋ ಹೇಳುವುದು ಕಷ್ಟ. ಕಾಲು ಹುಲ್ಲಿನಲ್ಲಿ ಮುಳುಗಿಹೋಗಿದೆ. ಪಾದ ಬರೆಯುವುದು ಆತನಿಗೆ ಕಷ್ಟವಾಗಿತ್ತೆಂದೂ ಅದಕ್ಕೇ ಹುಲ್ಲು ಬೆಳೆಸಿದನೆಂದೂ ಹೇಳುವವರಿದ್ದಾರೆ, ನಿಜವಿದ್ದೀತು. ಮುಖವಂತೂ ಮಗುವಿನದಲ್ಲ, ಮನೆಯ ಯಜಮಾನಿತಿಯದು. ವಾಷಿಂಗ್ಟನ್ನಿನಲ್ಲಿರುವ ‘ಬಂಡೆಗಳ ಮೇಲಿನ ಹುಡುಗ’ನೂ ಹಾಗೆಯೇ: ಚೂಪಾದ ಬೆಟ್ಟದ ತುದಿಗಳ ಮೇಲೆ ಒಬ್ಬ ಪುಟ್ಟ ಹುಡುಗ ಕುರ್ಚಿಯಲ್ಲಿ ಕೂತವನಂತೆ ಕೂತಿದ್ದಾನೆ. ತೀರಿಹೋದ ಮಗುವಿನ ನೆನಪಿಗೆ ಬರೆಸಿದ್ದಿರಬಹುದೆಂದು ಕೆಲವರ ಊಹೆ. ತನ್ನ ಮಕ್ಕಳನ್ನು ಒಂದೊಂದಾಗಿ ಮಣ್ಣಿಗೆ ಕೊಟ್ಟವನು ಮಕ್ಕಳ ಮುಖದಲ್ಲಿ ಎಳಸುತನವನ್ನೇ ಕಾಣದಾದನೋ ಏನೋ. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಚಿತ್ರದಲ್ಲಿ ಮಗು ಗೆದ್ದಿಲ್ಲವೆಂಬುದು ಮಾತ್ರ ಸತ್ಯ. ಹಣ ಕೊಟ್ಟ ತಾಯಿಗೆ ಮುಖ ಬಾಡಿದ್ದರೆ ಆಕೆಯದು ತಪ್ಪೆನ್ನಲಾಗದು.

ಇದಕ್ಕೆ ಎದುರಾಗಿ 1895ರ ಒಂದು ‘ಸ್ತ್ರೀಯ ಭಾವಚಿತ್ರ’ ಇದೆ. ಕರಿಯ ಉಡುಪಿನ ಎತ್ತರದ ಹೆಂಗಸು; ಪಕ್ಕದಲ್ಲಿ ಪರದೆ, ಹಿಂದೆ ಆಕಾಶ, ಅದರಲ್ಲೊಂದು ಹಕ್ಕಿ. ಕೈಯಲ್ಲಿ ಮರದ ಕೊಂಬೆಯೊಂದನ್ನು ತಲೆಕೆಳಗಾಗಿ ಊರುಗೋಲಿನಂತೆ ಹಿಡಿದಿದ್ದಾಳೆ. ಕಣ್ಣಲ್ಲಿ ನಗುವಿಲ್ಲ, ಬೇಡಿಕೆಯಿಲ್ಲ. ತಾನು ನಿಂತ ಜಾಗ ತನ್ನದು ಎಂಬಂತೆ ನಿಂತಿದ್ದಾಳೆ. 1908ರಲ್ಲಿ ಪಿಕಾಸೋ ಇದನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಕಂಡು 5 ಫ್ರಾಂಕಿಗೆ ಕೊಂಡ. ಬಟ್ಟೆ ಗಟ್ಟಿಯಾಗಿದೆ, ಮೇಲೆ ಬೇರೆ ಚಿತ್ರ ಬರೆದುಕೊಳ್ಳಬಹುದು ಎಂದು ಅಂಗಡಿಯವನು ಹೇಳಿದನಂತೆ. ಪಿಕಾಸೋ ಅದನ್ನು ಸಾಯುವವರೆಗೂ ಬಿಡಲಿಲ್ಲ. ಈಗಲೂ ಅದು ಪ್ಯಾರಿಸ್ಸಿನಲ್ಲಿ ಆತನ ಹೆಸರಿನ ಸಂಗ್ರಹಾಲಯದಲ್ಲಿದೆ. ಅಂಗಡಿಯವನನ್ನು ಬೈಯುವುದು ಸುಲಭ. ಆದರೆ 5 ಫ್ರಾಂಕು ರೂಸೋನ ಕೈಗೆ ಸೇರಿದ್ದಲ್ಲ ಎಂಬುದನ್ನೂ ನೆನಪಿಡಬೇಕು.

ಈ ಹೆಂಗಸಿನಲ್ಲಿ ಗೆದ್ದದ್ದು ಏನು, ಮಕ್ಕಳಲ್ಲಿ ಸೋತದ್ದು ಏನು? ರೂಸೋ ತನ್ನ ಮುಂದೆ ಕುಳಿತವರಿಗೆ ಕೊಡುತ್ತಿದ್ದುದು ಹೋಲಿಕೆಯಲ್ಲ, ಮರ್ಯಾದೆ. ಚಲನೆಯನ್ನು ಆತ ಬರೆಯಲಾರ. ಅರೆನಗೆ, ತಿರುಗಿದ ಕತ್ತು, ಅರಿವಿಲ್ಲದ ಒಂದು ಸನ್ನೆ, ಇವು ಯಾವುವೂ ಆತನ ಕೈಗೆ ಸಿಗುವುದಿಲ್ಲ. ಎಲ್ಲರನ್ನೂ ನೇರವಾಗಿ, ಗಂಭೀರವಾಗಿ, ನಮ್ಮ ಮುಂದೆ ನಿಲ್ಲಿಸುತ್ತಾನೆ. ಹಿಂದಿನ ಕಾಲದಲ್ಲಿ ರಾಜರನ್ನೂ ದೇವತೆಗಳನ್ನೂ ಮಾತ್ರ ಹಾಗೆ ನಿಲ್ಲಿಸುತ್ತಿದ್ದರು. ಯಾರೂ ತಲೆಯೆತ್ತಿ ನೋಡದ ಹೆಂಗಸಿಗೆ ಆ ನಿಲುವು ಕಿರೀಟವಾಗುತ್ತದೆ. ಮಗುವಿಗೆ ಅದು ಭಾರ. ಕಿರೀಟದ ಕೆಳಗೆ ಮಗು ಮುಚ್ಚಿಹೋಗುತ್ತದೆ.

ರೂಸೋನಿಗೆ ತಾನು ಹೀಗೆ ಬರೆಯುತ್ತಿದ್ದೇನೆಂಬ ಅರಿವಿತ್ತೇ ಎಂದು ಕೇಳಬಹುದು. ಆತ ಮೆಚ್ಚಿಕೊಂಡಿದ್ದುದು ಜೆರೋಮನಂಥ ಅಕಾಡೆಮಿಯ ದೊಡ್ಡವರನ್ನು: ನುಣುಪು, ಅಂಗಸೌಷ್ಠವ, ಪ್ರತಿಯೊಂದು ಗುಂಡಿಯೂ ಮಿಂಚುವ ಕೆಲಸ. 1895ರಲ್ಲಿ ತನ್ನ ಬಗೆಗೆ ತಾನೇ ಬರೆದುಕೊಂಡ ಟಿಪ್ಪಣಿಯಲ್ಲಿ, ತಂದೆತಾಯಿಗಳ ಬಡತನದಿಂದ ಮೊದಲು ಬೇರೆ ವೃತ್ತಿ ಹಿಡಿಯಬೇಕಾಯಿತೆಂದೂ ಪ್ರಕೃತಿಯೊಂದೇ ಗುರುವೆಂದೂ ಜೆರೋಮ್ ಮುಂತಾದವರ ಸಲಹೆ ಸಿಕ್ಕಿತೆಂದೂ ಹೇಳಿದ್ದಾನೆ. ಇಪ್ಪತ್ತರಲ್ಲಿ ಅಕಾಡೆಮಿಗೆ ಸೇರಿದ್ದರೆ ಜೆರೋಮನ ಸಾವಿರ ಶಿಷ್ಯರಲ್ಲಿ ಒಬ್ಬನಾಗಿ ಪಾದಗಳನ್ನು ಚೆನ್ನಾಗಿ ಬರೆಯುತ್ತಿದ್ದ. ಇಂದು ನಾವು ಆತನ ಹೆಸರೆತ್ತುತ್ತಿರಲಿಲ್ಲ. ತಡವಾದದ್ದೇ ಒಳ್ಳೆಯದಾಯಿತೆಂದು ಇದರಿಂದ ತೀರ್ಮಾನಿಸುವವರಿಗೆ ನನ್ನದೊಂದು ಮಾತು: ತಡವಾದದ್ದರ ಬೆಲೆ ತೆತ್ತವನು ಆತ, ಲಾಭ ಉಂಡವರು ನಾವು. 1898ರಲ್ಲಿ ತನ್ನ ‘ನಿದ್ರಿಸುತ್ತಿರುವ ಅಲೆಮಾರಿ ಹೆಣ್ಣು’ ಎಂಬ ಚಿತ್ರವನ್ನು, ಬೆಳದಿಂಗಳಲ್ಲಿ ಸಿಂಹವೊಂದು ಮಲಗಿದವಳನ್ನು ಮೂಸುತ್ತ ನಿಂತಿರುವುದನ್ನು, ಹುಟ್ಟೂರಿಗೆ ಕೊಳ್ಳಿರೆಂದು ಲಾವಾಲಿನ ಮೇಯರಿಗೆ ಬರೆದ. ಕೇಳಿದ ಬೆಲೆ 1800ರಿಂದ 2000 ಫ್ರಾಂಕು. ಊರು ಬೇಡವೆಂದಿತು. ಅದೀಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಹೆಮ್ಮೆಯ ಕೃತಿಗಳಲ್ಲೊಂದು.

ಸಿಂಹದ ಮಾತು ಬಂತು. ಪ್ರಾಣಿಗಳ ಚಿತ್ರದಲ್ಲಿ ರೂಸೋ ಮನುಷ್ಯರ ಚಿತ್ರಕ್ಕಿಂತ ಹೆಚ್ಚು ನಿರಾಳ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ: ಹುಲಿ ಬಂದು ತನ್ನ ಮೂಗು ಹೀಗಿಲ್ಲವೆನ್ನುವುದಿಲ್ಲ. ಆತ ಕಾಡು ಕಂಡವನಲ್ಲ. ಸೈನ್ಯದಲ್ಲಿದ್ದಾಗ ಮೆಕ್ಸಿಕೋಗೆ ಹೋಗಿದ್ದನೆಂಬ ಕಥೆ ಹುಟ್ಟಿತ್ತು. ಆತ ಫ್ರಾನ್ಸ್ ಬಿಟ್ಟು ಹೊರಗೆ ಕಾಲಿಟ್ಟವನೇ ಅಲ್ಲ. ಆತನ ಕಾಡೆಲ್ಲ ಪ್ಯಾರಿಸ್ಸಿನ ಸಸ್ಯೋದ್ಯಾನದ ಗಾಜಿನ ಮನೆಗಳು. ಮೃಗಗಳೆಲ್ಲ ಅಲ್ಲಿಯ ಪಂಜರದವು, ಪಕ್ಕದ ಸಂಗ್ರಹಾಲಯದಲ್ಲಿ ಹೊಟ್ಟು ತುಂಬಿ ನಿಲ್ಲಿಸಿದವು, ಮತ್ತು ಅಂಗಡಿಯೊಂದು ಪ್ರಕಟಿಸಿದ್ದ ‘ಕಾಡುಮೃಗಗಳು’ ಎಂಬ ಚಿತ್ರಪುಸ್ತಕದವು. 1905ರ ‘ಹಸಿದ ಸಿಂಹ’ ಎಂಬ ದೊಡ್ಡ ಪಟದಲ್ಲಿ ಸಿಂಹ ಜಿಂಕೆಯಂಥ ಪ್ರಾಣಿಯ ಕುತ್ತಿಗೆಗೆ ಬಾಯಿ ಹಾಕಿರುವ ಭಂಗಿ ಸಂಗ್ರಹಾಲಯದ ಅಂಥದೇ ಒಂದು ಜೋಡಿಯಿಂದ ಬಂದದ್ದು. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ತಯಾರಾದ ಹುಲಿಗಳನ್ನು ಕಂಡವರಿಗೆ ಆ ಗಾಜಿನ ಕಣ್ಣು, ಆ ತೆರೆದೇ ಇರುವ ಬಾಯಿ ಹೊಸದಲ್ಲ.

ಆದರೂ ಸತ್ತ ಪ್ರಾಣಿಯನ್ನು ನೋಡಿ ಬರೆದದ್ದು ಸತ್ತಂತಿಲ್ಲ. 1891ರ ಹುಲಿಯನ್ನು ನೋಡಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಅಚ್ಚಿನಲ್ಲೂ ಫೋನಿನ ಪರದೆಯ ಮೇಲೂ ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಬಿರುಮಳೆ, ಮಿಂಚು, ಬಾಗಿದ ಗಿಡಮರ. ನಡುವೆ ಹುಲಿ ಹಲ್ಲು ತೋರಿಸಿ ಬೆನ್ನು ಕಮಾನಾಗಿಸಿದೆ. ಚಿತ್ರದ ಹೆಸರು ‘ಬೆಚ್ಚಿದ್ದು!’ ಎಂಬರ್ಥದ ಒಂದೇ ಶಬ್ದ. ಬೆಚ್ಚಿದವರು ಯಾರು? ಹುಲಿಯ ಬಾಯಿಗೆ ಬೀಳಲಿರುವವರೆಂದು ಚಿತ್ರಗಾರನ ವಿವರಣೆ. ನನಗೆ ಕಾಣುವುದು ಹುಲಿಯೇ ಸಿಡಿಲಿಗೆ ಬೆಚ್ಚಿದೆ. ಕ್ರೌರ್ಯ ಮತ್ತು ಭಯ ಒಂದೇ ಮುಖದಲ್ಲಿ ಒಂದೇ ಕ್ಷಣ ಕೂಡಿರುವುದನ್ನು ಬರೆಯುವುದು ಅಭ್ಯಾಸವಿಲ್ಲದ ಕೈಗೆ ಸಾಧ್ಯವೆಂದರೆ ನಾನು ನಂಬಲಾರೆ. ಆ ವರ್ಷ ಪ್ರದರ್ಶನಕ್ಕೆ ಬಂದವರು ನಕ್ಕರು. ತರುಣ ಚಿತ್ರಗಾರ ಫೆಲಿಕ್ಸ್ ವಾಲೊಟಾನ್ ಮಾತ್ರ, ಪಕ್ಕದಲ್ಲಿ ತೂಗುಹಾಕಿದ್ದ ಚಿತ್ರಗಳನ್ನೆಲ್ಲ ಇದು ಅಳಿಸಿಹಾಕುತ್ತದೆ ಎಂಬರ್ಥದಲ್ಲಿ ಸ್ವಿಸ್ ಪತ್ರಿಕೆಗೆ ಬರೆದ. ವಿಮರ್ಶಕನೆನ್ನಿಸಿಕೊಳ್ಳಲು ಅಂಥ ಒಂದು ವಾಕ್ಯ ಸಾಕು.

ಮುಂದಿನ ದೊಡ್ಡ ಕಾಡುಗಳು, 1910ರ ‘ಕನಸು’ ಸೇರಿದಂತೆ, ಎಲ್ಲರೂ ಹೊಗಳಿದವು. ನನ್ನ ಮೆಚ್ಚುಗೆ ಅವಕ್ಕೆ ತುಸು ಕಡಿಮೆ. ಎಲೆಯ ಮೇಲೆ ಎಲೆ ಜೋಡಿಸುತ್ತ ಹೋದ ಕೈಗೆ ಅಲ್ಲಿ ತನ್ನ ಚಾತುರ್ಯದ ರುಚಿ ಹತ್ತಿದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮನುಷ್ಯನೂ ಪ್ರಾಣಿಯೂ ಒಟ್ಟಿಗೆ ಕುಳಿತಿರುವ ಕೆಲವೇ ಪಟಗಳು. ಜೂರಿಕ್ಕಿನಲ್ಲಿ ಕಾದಂಬರಿಕಾರ ಪಿಯರ್ ಲೋತಿಯದೆಂದು ಹೆಸರಾದ ಭಾವಚಿತ್ರವಿದೆ. ಅದು ಲೋತಿಯೇ ಹೌದೇ ಎಂಬ ವಾದ ಇನ್ನೂ ಮುಗಿದಿಲ್ಲ. ಕೆಂಪು ತುರ್ಕಿ ಟೋಪಿ, ಬೆರಳ ನಡುವೆ ಸಿಗರೇಟು. ಮುಂದೆ ಪಟ್ಟೆಪಟ್ಟೆಯ ಬೆಕ್ಕು. ಮನುಷ್ಯ ಯಾರೆಂದು ಗುರುತು ಸಿಗದಿದ್ದರೂ ಬೆಕ್ಕು ಯಾವುದೆಂದು ಅದರ ಮನೆಯವರಿಗೆ ಖಂಡಿತ ಗೊತ್ತಾಗುತ್ತಿತ್ತು. ಬೆಕ್ಕಿಗೆ ಸಹಜವಾಗಿ ಬರುವ ನೆಟ್ಟನೋಟವನ್ನು ರೂಸೋ ಮನುಷ್ಯರಿಂದ ಗಂಟೆಗಟ್ಟಲೆ ಕೂರಿಸಿ ಪಡೆಯಬೇಕಾಗಿತ್ತು.

ಎಲ್ಲ ಕೂಡಿಬಂದಿರುವುದು 1908ರ ‘ಜೂನಿಯೇ ತಾತನ ಗಾಡಿ’ಯಲ್ಲಿ. ರೂಸೋ ಆಗ ಪ್ಲೆಸಾನ್ಸ್ ಎಂಬ ಬಡ ಬಡಾವಣೆಯಲ್ಲಿ ಬಾಡಿಗೆಗಿದ್ದ. ಜೂನಿಯೇ ಅಲ್ಲಿಯ ತರಕಾರಿ ದಿನಸಿ ವ್ಯಾಪಾರಿ, ಕುದುರೆಯೆಂದರೆ ಪ್ರಾಣ. ರೂಸೋನ ಲೆಕ್ಕ ಆ ಅಂಗಡಿಯ ಪುಸ್ತಕದಲ್ಲಿ ಬೆಳೆದಿತ್ತೆಂದೂ ಬಾಕಿಗೆ ಬದಲಾಗಿ ಈ ಚಿತ್ರ ಬರೆದುಕೊಟ್ಟನೆಂದೂ ಹೇಳುತ್ತಾರೆ. ಫೋಟೋ ಒಂದನ್ನು ಎದುರಿಗಿಟ್ಟುಕೊಂಡು ಬರೆದ. ಬಿಳಿಯ ಕುದುರೆ, ಹೊಸದಾಗಿ ತೊಳೆದಂತಿರುವ ಗಾಡಿ, ಅದರಲ್ಲಿ ಹಬ್ಬದ ಬಟ್ಟೆ ತೊಟ್ಟ ವ್ಯಾಪಾರಿ, ಹೆಂಡತಿ, ಮನೆಯ ಮಂದಿ. ಮತ್ತೆ ನಾಯಿಗಳು: ಮನೆಯವರ ಜೊತೆ ಗಾಡಿಯಲ್ಲೇ ಕುಳಿತದ್ದೊಂದು, ನೆಲದ ಮೇಲೆ ಕರಿಯದೊಂದು, ಹೆಗ್ಗಣದಷ್ಟೇ ಇರುವ ಪುಟ್ಟದೊಂದು.

ಈ ಚಿತ್ರ ಇನ್ನೂ ಅರೆಯಾಗಿದ್ದಾಗ ಅಮೆರಿಕದ ತರುಣ ಚಿತ್ರಗಾರ ಮ್ಯಾಕ್ಸ್ ವೆಬರ್ ನೋಡಲು ಬಂದಿದ್ದ. ಗಾಡಿಯ ಕೆಳಗಿನ ನಾಯಿ ಅಳತೆ ಮೀರಿ ದೊಡ್ಡದಾಯಿತಲ್ಲವೇ ಎಂದು ಕೇಳಿದ. ರೂಸೋ ಚಿತ್ರವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಇಲ್ಲ, ಅದು ಹಾಗೆಯೇ ಇರಬೇಕು ಎಂದನಂತೆ. ಕವಿಯ ಮೂಗಿಗೆ ಪಟ್ಟಿ ಹಿಡಿದು ಅಳೆದವನ ಮಾತಿದು. ಅಳತೆ ಗೊತ್ತಿಲ್ಲದೆ ಮೀರಿದ್ದಲ್ಲ. ಗಾಡಿಯ ಕೆಳಗೆ ಆ ಕಪ್ಪು ಬೇಕಾಗಿತ್ತು. ಅದನ್ನು ತೆಗೆದು ನೋಡಿ: ಬಿಳಿ ಕುದುರೆ ಗಾಳಿಯಲ್ಲಿ ಹಾರಿಹೋಗುತ್ತದೆ, ಗಾಡಿಗೆ ನೆಲವೇ ಇಲ್ಲವಾಗುತ್ತದೆ. ಮನೆಯವರಿಗೆ ಆ ನಾಯಿ ಎಷ್ಟು ದೊಡ್ಡದಾಗಿತ್ತೋ, ಚಿತ್ರಕ್ಕೆ ಎಷ್ಟು ದೊಡ್ಡದು ಬೇಕಾಗಿತ್ತೋ, ಅಷ್ಟು ದೊಡ್ಡದನ್ನು ಆತ ಬರೆದಿದ್ದಾನೆ. ಫೋಟೋ ಕೊಡಲಾರದ್ದು ಇದು. ಲೆನ್ಸಿಗೆ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಜೂನಿಯೇಯ ಮನೆಯಲ್ಲಿ ಯಾರು ಯಾರಿಗೆ ಎಷ್ಟು ಬೇಕಾದವರೆಂಬುದು ಅದಕ್ಕೆ ತಿಳಿಯದು.

ಈ ಪಟದಲ್ಲಿ ನಾಯಿಗೂ ಯಜಮಾನಿತಿಗೂ ಒಂದೇ ಮರ್ಯಾದೆ. ಯಾರೂ ಯಾರ ಅಲಂಕಾರಕ್ಕಾಗಿ ಅಲ್ಲಿಲ್ಲ. ಇಂಗ್ಲೆಂಡಿನ ಲ್ಯಾಂಡ್‌ಸೀರ್ ನಾಯಿಗಳನ್ನು ಇದಕ್ಕಿಂತ ಹತ್ತುಪಾಲು ಚೆನ್ನಾಗಿ ಬರೆಯುತ್ತಿದ್ದ, ಒಂದೊಂದು ಕೂದಲೂ ಎಣಿಸುವಂತೆ; ಆದರೆ ಆತನ ನಾಯಿಗಳು ಅನೇಕ ವೇಳೆ ಮನುಷ್ಯರ ದುಃಖ, ಮನುಷ್ಯರ ನಿಷ್ಠೆಗಳನ್ನು ಅಭಿನಯಿಸುತ್ತವೆ. ಜೂನಿಯೇಯ ನಾಯಿಗಳು ಏನನ್ನೂ ಅಭಿನಯಿಸುವುದಿಲ್ಲ. ಬರೆಯುವವನು ನಿಲ್ಲೆಂದ, ನಿಂತಿವೆ.

ಚಿತ್ರ ಬರೆದು ಎರಡು ವರ್ಷಕ್ಕೆ, 1910ರ ಸೆಪ್ಟೆಂಬರ್ 2ರಂದು, ಕಾಲಿನ ಹುಣ್ಣು ವಿಷವೇರಿ ರೂಸೋ ಆಸ್ಪತ್ರೆಯಲ್ಲಿ ತೀರಿಕೊಂಡ. ಗಾಡಿಯ ಚಿತ್ರ ಈಗ ಒರಾಂಜರಿಯಲ್ಲಿದೆ, ಬೊಂಬೆ ಹಿಡಿದ ಮಗುವಿನ ಚಿತ್ರವಿರುವ ಕಡೆಯೇ. ವ್ಯಾಪಾರಿಯ ಪಕ್ಕದಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು ಒಬ್ಬಾತ ಕುಳಿತಿದ್ದಾನೆ. ಆತ ಜೂನಿಯೇ ಮನೆಯವನಲ್ಲ. ಸುಂಕದವನು ತನಗೂ ಆ ಗಾಡಿಯಲ್ಲಿ ಒಂದು ಜಾಗ ಬರೆದುಕೊಂಡಿದ್ದಾನೆ, ನಾಯಿಗಿಂತ ಹೆಚ್ಚಿನದಲ್ಲದ, ಕಡಿಮೆಯದೂ ಅಲ್ಲದ ಒಂದು ಜಾಗ.